ಐದು ಮುಗಿಯಿತು, ಆರಕ್ಕೆ ಎಲ್ಲಿ? ನಮ್ಮ ಪೇಟೆಯ ಬೋರ್ಡು ಶಾಲೆ

ಹೊಳೆಬದಿ

ನಮಸ್ಕಾರ ಎಲ್ಲರಿಗೂ. ಕಾರ್ಕಳ ಕಡೆಯ ಒಂದು ಸಣ್ಣ ಪೇಟೆಯಿಂದ ಬರೆಯುತ್ತಿದ್ದೇನೆ. ಊರಿನ ಹೆಸರು ಬೇಡ, ಶಾಲೆಯ ಹೆಸರೂ ಬೇಡ. ಅಲ್ಲಿರುವ ಮೂವರು ಟೀಚರ್‌ಗಳಿಗೆ ನನ್ನಿಂದ ಕಿರಿಕಿರಿ ಆಗುವುದು ಬೇಡ.

ಮಗ ಈ ಏಪ್ರಿಲ್‌ನಲ್ಲಿ ಐದನೇ ಕ್ಲಾಸು ಮುಗಿಸಿದ. ಸರಕಾರಿ ಹಿರಿಯ ಪ್ರಾಥಮಿಕ ಶಾಲೆ, ಒಂದರಿಂದ ಏಳರವರೆಗೆ. ಊರಿನ ಹಿರಿಯರು ಇವತ್ತಿಗೂ ಬೋರ್ಡು ಶಾಲೆ ಅಂತಲೇ ಹೇಳುವುದು. ನಾನು ಕಲಿತದ್ದೂ ಅಲ್ಲೇ. ಫಲಿತಾಂಶದ ದಿನ ಹೋಗಿದ್ದೆ. ಮಾರ್ಕ್ಸ್ ಕಾರ್ಡಿಗೆ ಸಾಲು ನಿಂತ ಅಮ್ಮಂದಿರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಟಿಸಿಗೆ ಅರ್ಜಿ ಬರೆದುಕೊಂಡೇ ಬಂದಿದ್ದರು. ಐದರಲ್ಲಿ 19 ಮಕ್ಕಳಿದ್ದರು. ಆರಕ್ಕೆ ಉಳಿಯುವುದು ಏಳೋ ಎಂಟೋ. ಹೆಡ್ ಟೀಚರ್ ಒಂದೊಂದೇ ಅರ್ಜಿಗೆ ಸಹಿ ಹಾಕುತ್ತಿದ್ದರು. ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಹುಡುಗ ಇಲ್ಲಿಯವರೆಗೆ ಚೆನ್ನಾಗಿಯೇ ಕಲಿತಿದ್ದಾನೆ. ಕನ್ನಡ ಪೇಪರ್ ಓದುತ್ತಾನೆ, ಅಂಗಡಿ ಲೆಕ್ಕ ಬಾಯಲ್ಲೇ ಮಾಡುತ್ತಾನೆ. ಅಲ್ಲೇ ಬಿಟ್ಟರೆ ಹಿಂದೆ ಬೀಳುತ್ತಾನಾ? ನಮ್ಮವರದ್ದು ರಿಕ್ಷಾ. ಅತ್ತೆ ಬೀಡಿ ಕಟ್ಟುತ್ತಾರೆ. ಹತ್ತಿರದ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಫೀಸು, ವ್ಯಾನು, ಯೂನಿಫಾರ್ಮು ಎಲ್ಲ ಸೇರಿ ವರ್ಷಕ್ಕೆ ಅರುವತ್ತು ಸಾವಿರದ ಹತ್ತಿರ ಹೇಳಿದರು. ಸಾಲ ಮಾಡಿದರೆ ಆಗುತ್ತದೆ. ಮಾಡಬೇಕಾ ಅಂತ ಕೇಳುತ್ತಿದ್ದೇನೆ.

ಏಳೂಕಾಲರ ಬಸ್ಸು

ಅಕ್ಕ, ಸುಮ್ನೆ ತಲೆಬಿಸಿ ಬೇಡ. ಮಾಡಿ. ಎಲ್ಲರೂ ಹೋದ ಮೇಲೆ ನಿಮ್ಮ ಹುಡುಗ ಅಲ್ಲಿ ಕೂತು ಎಂತ ಮಾಡುವುದು? ಇಂಗ್ಲಿಷ್ ಬಾರದೆ ಪಿಯುಸಿ ಸೈನ್ಸಿಗೆ ಹೋಗಿ ಅತ್ತವರಲ್ಲಿ ನಾನೂ ಒಬ್ಬ.

ಕಡಲೆ ಮಿಠಾಯಿ

ಇದೆಂಥ ಮಾತು ಮಾರಾಯ್ರೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಇಡೀ ರಾಜ್ಯಕ್ಕೆ ಫಸ್ಟ್, ಶೇಕಡಾ 94. ದಕ್ಷಿಣ ಕನ್ನಡ ಎರಡನೇದು. 2025ರಲ್ಲಿ ಅವರು ಫಸ್ಟ್, ನಾವು ಸೆಕೆಂಡ್. ಎರಡು ವರ್ಷವೂ ಇದೇ ಎರಡು ಜಿಲ್ಲೆಯ ಪೈಪೋಟಿ. ಸರಕಾರಿ ಶಾಲೆ ಹಾಳಾಗಿದ್ದರೆ ಇದು ಬರುತ್ತಿತ್ತಾ?

ರಿಟೈರ್ಡ್ ಮಾಸ್ಟ್ರು

ಆ ರ‍್ಯಾಂಕಿನ ಬಗ್ಗೆ ನನಗೂ ಹೆಮ್ಮೆ ಉಂಟು. ಆದರೆ ಅದನ್ನು ಇಲ್ಲಿ ತರಬೇಡಿ. ಅದು ಹತ್ತನೇ ಕ್ಲಾಸಿನ ಲೆಕ್ಕ. ಸರಕಾರಿ, ಅನುದಾನಿತ, ಖಾಸಗಿ ಎಲ್ಲ ಒಟ್ಟು ಹಾಕಿದ್ದು. ಈ ತಾಯಿ ಕೇಳಿದ್ದು ಆರು, ಏಳರ ಬಗ್ಗೆ. 2024ರಲ್ಲಿ 5, 8, 9ಕ್ಕೆ ಬೋರ್ಡ್ ಪರೀಕ್ಷೆ ಅಂತ ಮಾಡಿದರು. ಫಲಿತಾಂಶ ಬರುವ ಹೊತ್ತಿಗೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಹಾಗಾಗಿ ಊರಿನ ಶಾಲೆ ಆರು-ಏಳರಲ್ಲಿ ಹೇಗಿದೆ ಅಂತ ತಿಳಿಯಬೇಕಾದರೆ ಮಗುವಿನ ನೋಟ್‌ಬುಕ್ ತೆರೆದು ನೋಡುವುದೇ ದಾರಿ. ಕೆಂಪು ಶಾಯಿ ಕಡೆಯ ಸಲ ಯಾವ ತಾರೀಕಿಗೆ ಬಿದ್ದಿದೆ ಅಂತ ನೋಡಿ.

ಮೂವತ್ತು ವರ್ಷಕ್ಕೂ ಮೇಲೆ ಇದೇ ಕೆಲಸ ಮಾಡಿದ್ದೇನೆ. ಒಂದು ವಿಷಯ ಹೇಳುತ್ತೇನೆ. ನಮ್ಮಲ್ಲಿ ದಾಖಲಾತಿ ಅಂದರೆ ಎಲ್ಲರೂ ಒಂದನೇ ಕ್ಲಾಸಿನ ಬಗ್ಗೆಯೇ ಮಾತಾಡುವುದು. ಮೆರವಣಿಗೆ, ಬಲೂನು, ಪಾಯಸ, ಪ್ರಾರಂಭೋತ್ಸವ. ಒಂದನೇ ಕ್ಲಾಸಿಗೆ ಮಕ್ಕಳು ಬರುತ್ತಾರೆ. ತೂತು ಇರುವುದು ಐದು ಮತ್ತು ಆರರ ನಡುವೆ. ಅಲ್ಲಿ ಬಲೂನು ಕಟ್ಟುವವರು ಯಾರೂ ಇಲ್ಲ.

ಯಾಕೆ ಅಲ್ಲೇ? ಒಂದು, ನಮ್ಮ ಎಷ್ಟೋ ಶಾಲೆಗಳು ಏಳಕ್ಕೇ ನಿಲ್ಲುತ್ತವೆ. ಖಾಸಗಿ ಶಾಲೆ ಹತ್ತರವರೆಗೆ ಇರುತ್ತದೆ. ಎಂಟಕ್ಕೆ ಹೋಗಿ ಕೇಳಿದರೆ ಸೀಟಿಲ್ಲ ಎನ್ನುತ್ತಾರೆ ಅಂತ ಹೆದರಿ ಜನ ಆರಕ್ಕೇ ಹಾರುತ್ತಾರೆ. ಇನ್ನೊಂದು, ಕೇಂದ್ರ ಸರಕಾರದ ವಸತಿ ಶಾಲೆ ನವೋದಯ ಶುರುವಾಗುವುದು ಆರರಿಂದ. ಉಡುಪಿಗೆ ಚೇರ್ಕಾಡಿಯಲ್ಲಿ, ದಕ್ಷಿಣ ಕನ್ನಡಕ್ಕೆ ಮುಡಿಪುವಿನಲ್ಲಿ. ಮೊರಾರ್ಜಿ ದೇಸಾಯಿ ವಸತಿ ಶಾಲೆಯೂ ಆರರಿಂದಲೇ. ಪರೀಕ್ಷೆ ಬರೆದು ಚುರುಕಿನವರು ನಾಲ್ಕು ಜನ ಹೋದರೆ ಉಳಿದವರ ಅಪ್ಪ-ಅಮ್ಮನಿಗೆ ನಾವು ಮಾತ್ರ ಬಾಕಿ ಆದೆವಾ ಅಂತ ಅನಿಸುತ್ತದೆ.

ಆಮೇಲಿನದ್ದು ಇಲಾಖೆಯ ಲೆಕ್ಕ. ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆರರಿಂದ ಎಂಟಕ್ಕೆ ಕ್ಲಾಸಿಗೆ ಒಬ್ಬರಾದರೂ ಟೀಚರ್ ಬೇಕು. ಗಣಿತ-ವಿಜ್ಞಾನಕ್ಕೆ, ಸಮಾಜಕ್ಕೆ, ಭಾಷೆಗೆ ಒಬ್ಬೊಬ್ಬರು ಇರಬೇಕು. 35 ಮಕ್ಕಳಿಗೆ ಒಬ್ಬರು. ಕಾಗದದಲ್ಲಿ ಚಂದ ಉಂಟು. ಆದರೆ ಒಟ್ಟು ಮಕ್ಕಳ ಸಂಖ್ಯೆ ಇಳಿದ ಕೂಡಲೇ ಒಬ್ಬ ಟೀಚರ್ ‘ಹೆಚ್ಚುವರಿ’ ಆಗುತ್ತಾರೆ, ಬೇರೆ ಶಾಲೆಗೆ ಕಳಿಸುತ್ತಾರೆ. ಮಕ್ಕಳು ಹೋದರು ಅಂತ ಟೀಚರ್ ಹೋದರು, ಟೀಚರ್ ಹೋದರು ಅಂತ ಇನ್ನಷ್ಟು ಮಕ್ಕಳು ಹೋದರು. ನಾನು ಹೆಡ್ ಮಾಸ್ಟ್ರಾಗಿದ್ದ ಶಾಲೆಯಲ್ಲಿ ಇದು ನನ್ನ ಕಣ್ಣೆದುರೇ ಆರು ವರ್ಷ ನಡೆಯಿತು. ನಾನು ನಿವೃತ್ತಿಯಾದ ದಿನ ಏಳನೇ ಕ್ಲಾಸಿನಲ್ಲಿ ನಾಲ್ಕು ಮಕ್ಕಳು. ಗ್ರೂಪ್ ಫೋಟೋದಲ್ಲಿ ಟೀಚರ್‌ಗಳೂ ಶಾಲೆಯ ಉಸ್ತುವಾರಿ ಸಮಿತಿ ಎಸ್‌ಡಿಎಂಸಿಯವರೂ ಸೇರಿ ಮಕ್ಕಳಿಗಿಂತ ಜಾಸ್ತಿ.

ಏಳೂಕಾಲರ ಬಸ್ಸು

ಮಾಸ್ಟ್ರೇ, ಊಟ ಉಂಟು, ಹಾಲು ಉಂಟು, ಮೊಟ್ಟೆ ಉಂಟು, ಶೂ ಉಂಟು, ಪುಸ್ತಕ ಉಂಟು. ಗಣಿತಕ್ಕೆ ಮಾತ್ರ ಜನ ಇಲ್ಲ ಅಂತ ಆಯಿತು.

ರಿಟೈರ್ಡ್ ಮಾಸ್ಟ್ರು

ಊಟವನ್ನು ಹಾಗೆ ಹಗುರ ಮಾಡಬೇಡಿ. ಶಾಲೆಯಲ್ಲಿ ಹಾಲು ಕೊಡುವ ಕ್ಷೀರಭಾಗ್ಯ 2013ರಲ್ಲಿ ಬಂದ ಮೇಲೆ ಬೆಳಗ್ಗಿನ ಹೊತ್ತು ತಲೆತಿರುಗಿ ಕೂರುವ ಮಕ್ಕಳು ಕಡಿಮೆಯಾದದ್ದನ್ನು ನಾನೇ ನೋಡಿದ್ದೇನೆ. ಆದರೆ ನೀವು ಹೇಳಿದ ಕೊನೆಯ ಮಾತು ಸರಿ.

ಗೌರವ ಟೀಚರ್

ನಾನು ಕುಂದಾಪುರ ಕಡೆಯ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಅದಕ್ಕಿಂತ ಮೊದಲು ಎರಡು ವರ್ಷ ಹಳೆ ವಿದ್ಯಾರ್ಥಿ ಸಂಘದವರು ಸಂಬಳ ಕೊಡುವ ಗೌರವ ಶಿಕ್ಷಕಿಯಾಗಿದ್ದೆ. ಹೆಸರು ಹಾಗೇ ಉಳಿಯಿತು. ಗೌರವ ಮಾತ್ರ ಬೇಕಾದಷ್ಟು ಸಿಕ್ಕಿತು.

ಆರು, ಏಳನ್ನು ಒಂದೇ ಕೋಣೆಯಲ್ಲಿ ಕೂರಿಸುತ್ತೇನೆ. ಬಲಕ್ಕೆ ಆರು, ಎಡಕ್ಕೆ ಏಳು. ಬೋರ್ಡಿಗೆ ನಡುವೆ ಒಂದು ಗೆರೆ. ಆರರವರಿಗೆ ಭಿನ್ನರಾಶಿ ಹೇಳಿಕೊಟ್ಟು ನಾಲ್ಕು ಲೆಕ್ಕ ಕೊಟ್ಟು, ಏಳರವರ ಕಡೆ ತಿರುಗಿದರೆ ಆರರವರು ಏಳರ ಪಾಠ ಕೇಳಿಕೊಂಡು ಕೂತಿರುತ್ತಾರೆ. ಕೆಲವರಿಗೆ ಅದೂ ಲಾಭವೇ. ನಿಧಾನದವರಿಗೆ ಮಾತ್ರ ಎರಡೂ ಕಲಸುಮೇಲೋಗರ. ಆರಕ್ಕೆ ಹಿಂದಿ ಹೊಸದಾಗಿ ಶುರುವಾಗುತ್ತದೆ. ನನಗೆ ಹಿಂದಿ ಬರುವುದು ಅಷ್ಟಕ್ಕಷ್ಟೇ. ನಾನೇ ಹಿಂದಿನ ರಾತ್ರಿ ಓದಿಕೊಂಡು ಹೋಗುತ್ತೇನೆ. ನಮ್ಮ ನೇಮಕ ಆಗುವುದು ಶಾಲೆ ಶುರುವಾದ ಮೇಲೆ, ಮುಗಿಯುವುದು ಪರೀಕ್ಷೆಯ ಹೊತ್ತಿಗೆ. ಸಂಬಳ ಬರುವಾಗ ಬರುತ್ತದೆ. ಏಪ್ರಿಲ್-ಮೇ ಅಂತೂ ಇಲ್ಲವೇ ಇಲ್ಲ. ಹಾಗಾಗಿ ಪ್ರತಿ ವರ್ಷ ಜೂನ್‌ನಲ್ಲಿ ಆರನೇ ಕ್ಲಾಸಿನವರಿಗೆ ಸಿಗುವುದು ಹೊಸ ಮುಖ, ಇಲ್ಲದಿದ್ದರೆ ಖಾಲಿ ಕುರ್ಚಿ.

ಇನ್ನೊಂದು ವಿಷಯ ಇಲ್ಲಿ ಯಾರೂ ಹೇಳಲಿಲ್ಲ. ನನ್ನ ಕ್ಲಾಸಿನಲ್ಲಿ ಹನ್ನೊಂದು ಮಕ್ಕಳು, ಅವರಲ್ಲಿ ಐದು ಜನ ಬಾಗಲಕೋಟೆ, ಕೊಪ್ಪಳ ಕಡೆಯವರು. ಅಪ್ಪ-ಅಮ್ಮ ಕಟ್ಟಡದ ಕೆಲಸಕ್ಕೆ ಬಂದವರು. ಊರಿನವರು ‘ಘಟ್ಟದ ಮೇಲಿನವರ ಮಕ್ಕಳು ಜಾಸ್ತಿಯಾದರು, ನಮ್ಮವರನ್ನು ತೆಗೆಯುವ’ ಅಂತ ಮಾತಾಡುವುದು ನನ್ನ ಕಿವಿಗೂ ಬಿದ್ದಿದೆ. ಆ ಐದು ಮಕ್ಕಳು ಇಲ್ಲದಿದ್ದರೆ ನಮ್ಮ ಶಾಲೆಯ ಬಾಗಿಲಿಗೆ ಎಂದೋ ಬೀಗ ಬೀಳುತ್ತಿತ್ತು. ಕನ್ನಡ ಪದ್ಯ ಓದುವಾಗ ಅವರ ಬಾಯಲ್ಲಿ ಎಷ್ಟು ಸಲೀಸು. ನಮ್ಮ ಕುಂದಾಪ್ರದ ಮಕ್ಕಳು ಅವರ ‘ಹೌದ್ರಿ’ ಕಲಿತಿದ್ದಾರೆ, ಅವರು ನಮ್ಮ ‘ಹೌದಾ ಕಾಣಿ’ ಕಲಿತಿದ್ದಾರೆ. ಕಷ್ಟ ಏನೆಂದರೆ ಊರ ಜಾತ್ರೆಗೆ ಹೋದವರು ವಾಪಸ್ ಬರುವ ಖಾತ್ರಿ ಇಲ್ಲ. ಕೆಲಸ ಬೇರೆ ಕಡೆ ಸಿಕ್ಕಿದರೆ ಅಲ್ಲಿಂದಲೇ ಆಚೆ. ಹೋದ ವರ್ಷ ಒಬ್ಬ ಹುಡುಗ, ಗಣಿತದಲ್ಲಿ ಕ್ಲಾಸಿಗೇ ಮೊದಲು, ಜನವರಿಯಲ್ಲಿ ಹೋದ. ಅವನ ಜ್ಯಾಮಿತಿ ಪೆಟ್ಟಿಗೆ ನನ್ನ ಮೇಜಿನಲ್ಲಿ ಇನ್ನೂ ಉಂಟು.

ಮುಂಬೈ ಪಾರ್ಸೆಲ್

ನಾನು ಕಾರ್ಕಳದವನೇ, ಇಲ್ಲಿ ಹೋಟೆಲು. ನಮ್ಮ ಶಾಲೆಯ ಶತಮಾನೋತ್ಸವಕ್ಕೆ ಎಲ್ಲರೂ ಸೇರಿ ರಂಗಮಂದಿರ ಕಟ್ಟಿಸಿಕೊಟ್ಟೆವು. ಈಗ ನೋಡಿದರೆ ಆ ಸ್ಟೇಜಿನ ಮೇಲೆ ನಿಲ್ಲಲಿಕ್ಕೆ ಮಕ್ಕಳಿಲ್ಲ. ಬೇಜಾರಾಗುತ್ತದೆ.

ಎರಡೂ ನೋಡಿದವಳು

ಅಣ್ಣ, ತಪ್ಪು ತಿಳಿಯಬೇಡಿ. ರಂಗಮಂದಿರಕ್ಕೆ ದಾನಿಗಳ ಹೆಸರು ಕಲ್ಲಿನಲ್ಲಿ ಕೆತ್ತಿಸಬಹುದು. ಗಣಿತ ಟೀಚರ್ ಮೇಲೆ ಕೆತ್ತಿಸಲಿಕ್ಕೆ ಆಗುವುದಿಲ್ಲ ನೋಡಿ. ಅದಕ್ಕೇ ಅವರ ಸಂಬಳಕ್ಕೆ ದಾನಿಗಳು ಸಿಗುವುದು ಕಷ್ಟ.

ಮುಂಬೈ ಪಾರ್ಸೆಲ್

ಪೆಟ್ಟು ಸರಿಯಾದ ಜಾಗಕ್ಕೇ ಬಿತ್ತು. ಒಪ್ಪಿದೆ.

ಕಡಲೆ ಮಿಠಾಯಿ

ಮನಸ್ಸಿದ್ದರೆ ಆಗುತ್ತದೆ. ಹರೇಕಳ ಹಾಜಬ್ಬರನ್ನು ನೋಡಿ. ಮಂಗಳೂರಿನಲ್ಲಿ ಕಿತ್ತಳೆ ಮಾರಿದ ಹಣದಿಂದ ನ್ಯೂಪಡ್ಪುವಿನಲ್ಲಿ ಶಾಲೆ ಮಾಡಿದರು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು.

ಗೌರವ ಟೀಚರ್

ಅವರಿಗೆ ಕೈಮುಗಿಯುತ್ತೇನೆ. ಆದರೆ ಇಲ್ಲದ ಊರಿಗೆ ಶಾಲೆ ತಂದದ್ದು ಅವರು. ನಮ್ಮದು ಇರುವ ಶಾಲೆಗೆ ಟೀಚರ್ ತರುವ ಕೆಲಸ. ಅದು ಸರಕಾರದ್ದು. 2022ರಲ್ಲಿ ಆರರಿಂದ ಎಂಟನೇ ಕ್ಲಾಸಿಗೆ ಅಂತಲೇ 15,000 ಪದವೀಧರ ಶಿಕ್ಷಕರ ನೇಮಕಾತಿಗೆ ಪರೀಕ್ಷೆ ಮಾಡಿದರು. ನಾನೂ ಬರೆದೆ, ಸ್ವಲ್ಪದರಲ್ಲಿ ತಪ್ಪಿತು. ಸಿಕ್ಕಿದವರು ದೊಡ್ಡ ಶಾಲೆಗಳಿಗೆ ಹೋದರು, ನಮ್ಮಂಥ ಸಣ್ಣ ಶಾಲೆಗೆ ಒಬ್ಬರೂ ಬರಲಿಲ್ಲ.

ಇಬ್ಬರು ಹೆಣ್ಮಕ್ಕಳ ಅಪ್ಪ

ನೀವೆಲ್ಲ ಟೀಚರ್ ವಿಷಯ ಹೇಳುತ್ತೀರಿ. ನನಗೆ ಬಸ್ಸಿನದ್ದು. ಆರರಿಂದ ಎಂಟಕ್ಕೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇದ್ದರೆ ಸಾಕು ಅಂತ ಕಾನೂನು. ಮೂರು ಕಿಲೋಮೀಟರ್ ಅಂದರೆ ನಮ್ಮಲ್ಲಿ ಎಂಥದ್ದು ಗೊತ್ತಾ? ಒಂದು ಗುಡ್ಡ, ಒಂದು ತೋಡು, ಅದನ್ನು ದಾಟಲಿಕ್ಕೆ ಅಡಿಕೆ ಮರದ ಸಂಕ, ಅಂದರೆ ಕಾಲುಸೇತುವೆ. ಜುಲೈನಲ್ಲಿ ಹನ್ನೊಂದು ವರ್ಷದ ಮಗುವನ್ನು ಅದರ ಮೇಲೆ ಒಬ್ಬಳನ್ನೇ ಕಳಿಸುವ ಧೈರ್ಯ ನನಗಿಲ್ಲ.

2023ರ ಜೂನ್‌ನಿಂದ ಹೆಣ್ಮಕ್ಕಳಿಗೆ ಸರಕಾರಿ ಬಸ್ಸು ಫ್ರೀ. ಬಯಲುಸೀಮೆಯ ಊರುಗಳಲ್ಲಿ ಹುಡುಗಿಯರು ಹಾಗೆಯೇ ದೂರದ ಶಾಲೆಗೆ ಹೋಗುತ್ತಾರಂತೆ. ನಮ್ಮ ರೂಟಿನಲ್ಲಿ ಓಡುವುದೆಲ್ಲ ಪ್ರೈವೇಟ್ ಬಸ್ಸು. ಸರಕಾರಿ ಬಸ್ಸು ಬೆಳಿಗ್ಗೆ ಒಂದು, ಅದೂ ಆರೂವರೆಗೆ. ಇಂಗ್ಲಿಷ್ ಮೀಡಿಯಂನ ಹಳದಿ ವ್ಯಾನು ಮಾತ್ರ ನನ್ನ ಮನೆಯ ಅಂಗಳಕ್ಕೇ ಬರುತ್ತದೆ. ದೊಡ್ಡವಳನ್ನು ಅಲ್ಲಿಗೆ ಹಾಕಿದ್ದು ಇಂಗ್ಲಿಷಿಗಾಗಿ ಅಲ್ಲ, ಆ ವ್ಯಾನಿಗಾಗಿ. ಹೇಳಲಿಕ್ಕೆ ನಾಚಿಕೆ ಏನಿಲ್ಲ.

ಎರಡೂ ನೋಡಿದವಳು

ಹೊಳೆಬದಿ ಅಕ್ಕ, ನಾನು ನಿಮ್ಮ ಹಾಗೆಯೇ ಯೋಚಿಸಿ ಮೂರು ವರ್ಷ ಹಿಂದೆ ಮಗಳನ್ನು ಆರಕ್ಕೆ ಪ್ರೈವೇಟಿಗೆ ಹಾಕಿದವಳು. ನಡೆದದ್ದು ಹೇಳುತ್ತೇನೆ.

ಮೊದಲ ವರ್ಷ ಅವಳು ಕ್ಲಾಸಿನಲ್ಲಿ ಬಾಯಿ ಬಿಡಲಿಲ್ಲ. ವಿಜ್ಞಾನದ ಪ್ರಶ್ನೆಗೆ ಉತ್ತರ ಗೊತ್ತು, ಇಂಗ್ಲಿಷಿನಲ್ಲಿ ಹೇಳಲಿಕ್ಕೆ ಗೊತ್ತಿಲ್ಲ. ಬೋರ್ಡು ಶಾಲೆಯಲ್ಲಿ ಪ್ರತಿಭಾ ಕಾರಂಜಿಗೆ ಭಾಷಣ ಮಾಡುತ್ತಿದ್ದ ಹುಡುಗಿ. ಟ್ಯೂಷನ್‌ಗೆ ಹಾಕಿದೆವು, ಅದಕ್ಕೆ ಬೇರೆ ದುಡ್ಡು. ರಾತ್ರಿ ಅರ್ಥವಾಗದ ಉತ್ತರವನ್ನು ಬಾಯಿಪಾಠ ಮಾಡುವುದು ನೋಡಿ ನಾನೂ ಅತ್ತಿದ್ದೇನೆ. ಎರಡನೇ ವರ್ಷ ಸ್ವಲ್ಪ ಹಿಡಿತ ಬಂತು. ಈಗ ಎಂಟು ಮುಗಿಸಿದ್ದಾಳೆ, ಅಡ್ಡಿಲ್ಲ. ನನಗೆ ಪಶ್ಚಾತ್ತಾಪ ಇಲ್ಲ. ಆದರೆ ಅಲ್ಲಿ ಕಲಿಸುವವರು ನಮ್ಮ ಸರಕಾರಿ ಟೀಚರ್‌ಗಿಂತ ಮೇಲೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಲ್ಲಿ ಕ್ಲಾಸಿಗೆ ಒಬ್ಬರು ಇರುತ್ತಾರೆ. ವ್ಯತ್ಯಾಸ ಅಷ್ಟೇ, ಆದರೆ ಅದೇ ದೊಡ್ಡದು.

ಇನ್ನು ಹೊರಡುವುದೇ ಆದರೆ ಬರೀ ಪ್ರೈವೇಟ್ ನೋಡಬೇಡಿ. ಹತ್ತಿರ ಎಲ್ಲಾದರೂ ಹೈಸ್ಕೂಲ್ ಸೇರಿಯೇ ಇರುವ ಸರಕಾರಿ ಶಾಲೆ ಇಲ್ಲವಾ? ನಮಗೆ ಅದು ಆಗ ಹೊಳೆಯಲೇ ಇಲ್ಲ.

ರಿಟೈರ್ಡ್ ಮಾಸ್ಟ್ರು

ಒಳ್ಳೆ ಮಾತು. ಫೀಸಿನ ಲೆಕ್ಕ ಹಾಕುವಾಗ ಇದನ್ನೂ ಸೇರಿಸಿ. ಎಂಟನೇ ಕ್ಲಾಸಿನಲ್ಲಿ ಎನ್‌ಎಂಎಂಎಸ್ ಅಂತ ಒಂದು ಪರೀಕ್ಷೆ ಉಂಟು. ಬುದ್ಧಿಶಕ್ತಿಯದ್ದು ಒಂದು, ಪಾಠದ್ದು ಒಂದು, ತಲಾ 90 ಅಂಕ. ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಮುಗಿಯುವವರೆಗೆ ವರ್ಷಕ್ಕೆ 12,000 ರೂಪಾಯಿ. ಏಳರಲ್ಲಿ ಶೇಕಡಾ 55 ಬೇಕು, ಮನೆಯ ಆದಾಯ ಮೂರೂವರೆ ಲಕ್ಷದ ಒಳಗಿರಬೇಕು. ಸರಕಾರಿ ಅಥವಾ ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ. ಅನುದಾನ ಇಲ್ಲದ ಖಾಸಗಿಗೆ ಹೋದರೆ ಈ ಬಾಗಿಲು ಮುಚ್ಚಿತು. ನವೋದಯದವರಿಗೂ ಇಲ್ಲ. ಹತ್ತರವರೆಗೂ ಕನ್ನಡ ಮಾಧ್ಯಮದಲ್ಲೇ ಓದಿದರೆ ಮುಂದೆ ಸಿಇಟಿಯಲ್ಲಿ ಶೇಕಡಾ 5 ಮೀಸಲಾತಿಯೂ ಉಂಟು. ಇದನ್ನು ಐದನೇ ಕ್ಲಾಸಿನ ಪೋಷಕರ ಸಭೆಯಲ್ಲಿ ಹೇಳಬೇಕಿತ್ತು. ನಾವು ಹೇಳಲಿಲ್ಲ. ನಾನು ಇದ್ದಾಗಲೂ ಹೇಳಲಿಲ್ಲ, ಅದು ನನ್ನ ತಪ್ಪೇ.

ಏಳೂಕಾಲರ ಬಸ್ಸು

ಅದೆಲ್ಲ ಸರಿ ಮಾಸ್ಟ್ರೇ, ಸರಕಾರಿ ಶಾಲೆಯಲ್ಲೇ ಇಂಗ್ಲಿಷ್ ಮೀಡಿಯಂ ಕೊಟ್ಟರೆ ಮುಗಿಯಿತಲ್ವಾ?

ರಿಟೈರ್ಡ್ ಮಾಸ್ಟ್ರು

2019ರಲ್ಲಿ ಸಾವಿರ ಶಾಲೆಗಳಲ್ಲಿ ಒಂದನೇ ಕ್ಲಾಸಿಗೆ ಶುರು ಮಾಡಿದರು. ಸಿಕ್ಕಿದ ಕಡೆ ಮಕ್ಕಳು ಬಂದರು, ಸುಳ್ಳಲ್ಲ. ಆದರೆ ಅದೇ ಟೀಚರ್‌ಗೆ ಒಂದಿಷ್ಟು ದಿನ ತರಬೇತಿ ಕೊಟ್ಟು ಎರಡೂ ಮಾಧ್ಯಮ ನೋಡಿಕೊಳ್ಳಿ ಅಂದರೆ, ಬೋರ್ಡಿನ ನಡುವೆ ಇನ್ನೊಂದು ಗೆರೆ ಎಳೆದ ಹಾಗೆ. ಮಕ್ಕಳಿಗೆ ಇಂಗ್ಲಿಷ್ ಚೆನ್ನಾಗಿ ಬರಬೇಕು, ಇದರಲ್ಲಿ ನನ್ನದು ಎರಡು ಮಾತಿಲ್ಲ. ಅದಕ್ಕೆ ಬೇಕಾದ್ದು ಇಂಗ್ಲಿಷ್ ಬಲ್ಲ ಒಬ್ಬ ಮನುಷ್ಯ. ಗೇಟಿನ ಮೇಲಿನ ಬೋರ್ಡು ಪಾಠ ಮಾಡುವುದಿಲ್ಲ.

ಹೊಳೆಬದಿ

ಐದು ದಿನ ಬಿಟ್ಟು ಬರೆಯುತ್ತಿದ್ದೇನೆ. ಎಲ್ಲರದ್ದೂ ಓದಿದೆ, ಕೆಲವನ್ನು ನಮ್ಮವರಿಗೂ ಓದಿ ಹೇಳಿದೆ.

ಮಾಸ್ಟ್ರು ಹೇಳಿದ ಹಾಗೆ ಏಳನೇ ಕ್ಲಾಸಿನ ಒಬ್ಬ ಹುಡುಗನ ನೋಟ್‌ಬುಕ್ ನೋಡಿದೆ, ಪಕ್ಕದ ಮನೆಯವನು. ಕನ್ನಡ, ಸಮಾಜ ಚಂದ ಉಂಟು. ಗಣಿತದಲ್ಲಿ ಕಡೆಯ ಕೆಂಪು ಶಾಯಿ ನವೆಂಬರ್‌ನದ್ದು. ಆಮೇಲೆ ಟೀಚರ್ ಹೆರಿಗೆ ರಜೆ, ಬದಲಿಗೆ ಯಾರೂ ಬರಲಿಲ್ಲ. ಹೆಡ್ ಟೀಚರ್ ಹತ್ತಿರ ಕೂತು ಮಾತಾಡಿದೆ. ಈ ವರ್ಷ ಯಾರು ಬರುತ್ತಾರೆ ಅಂತ ಅವರಿಗೂ ಗೊತ್ತಿಲ್ಲ. ಬರುತ್ತಾರೆ ಅಂತ ಸುಳ್ಳು ಹೇಳಿ ನನ್ನನ್ನು ಉಳಿಸಿಕೊಳ್ಳಬಹುದಿತ್ತು. ಹೇಳಲಿಲ್ಲ.

ಮತ್ತೆ, ಐದೂವರೆ ಕಿಲೋಮೀಟರ್ ದೂರದಲ್ಲಿ ಒಂದು ಸರಕಾರಿ ಶಾಲೆ ಉಂಟು, ಪಕ್ಕದಲ್ಲೇ ಹೈಸ್ಕೂಲ್. ಆರರಿಂದ ಎಂಟಕ್ಕೆ ಗಣಿತಕ್ಕೆ, ಇಂಗ್ಲಿಷಿಗೆ ಬೇರೆ ಬೇರೆ ಟೀಚರ್ ಇದ್ದಾರೆ. ನಾನು ಹೋದಾಗ ಇಂಗ್ಲಿಷ್ ಟೀಚರ್ ರಜೆಯಲ್ಲೂ ಬಂದು ಪುಸ್ತಕ ಜೋಡಿಸುತ್ತಿದ್ದರು. ಶೌಚಾಲಯಕ್ಕೆ ನೀರು ಉಂಟಾ ಅಂತ ನಲ್ಲಿ ತಿರುಗಿಸಿಯೇ ನೋಡಿದೆ. ಅವರು ನಕ್ಕರು. ಟಿಸಿ ತೆಗೆದುಕೊಂಡು ಇಂಗ್ಲಿಷ್ ಮೀಡಿಯಂ ಅಂತ ಹೊರಟಿದ್ದವರಲ್ಲಿ ಇಬ್ಬರು, ನಮ್ಮ ಶಾಲೆಯಲ್ಲೇ ಇರುವ ಅಂತ ಇದ್ದವರಲ್ಲಿ ಇಬ್ಬರು, ನನ್ನವನು ಸೇರಿ ಐದು ಮಕ್ಕಳು. ನಮ್ಮವರೇ ರಿಕ್ಷಾದಲ್ಲಿ ಬೆಳಿಗ್ಗೆ ಬಿಟ್ಟು ಸಂಜೆ ತರುವುದು, ಡೀಸೆಲ್ ಖರ್ಚು ಹಂಚಿಕೊಳ್ಳುವುದು ಅಂತ ಮಾತಾಗಿದೆ. ಭಾರೀ ಮಳೆಗೆ ಡಿಸಿಯವರು ರಜೆ ಕೊಡದ ದಿನಗಳಲ್ಲಿ ಹೇಗೆ ಅಂತ ಆಗ ನೋಡಬೇಕು.

ನಿನ್ನೆ ಟಿಸಿಗೆ ಹೋದೆ. ಈ ಸಲ ಹೆಡ್ ಟೀಚರ್ ತಲೆ ಎತ್ತಿ ನೋಡಿದರು. ‘ಯಾವ ಶಾಲೆಗೆ?’ ಅಂದರು. ಹೇಳಿದೆ. ‘ಸರಕಾರಿಯೇ ಅಲ್ವಾ’ ಅಂದರು. ಸಹಿ ಹಾಕಿದರು.

ಗೌರವ ಟೀಚರ್

ನಿಮ್ಮನ್ನು ಬೈಯಲಿಕ್ಕೆ ನನಗೆ ಮನಸ್ಸಿಲ್ಲ ಅಕ್ಕ. ಆದರೆ ಉಳಿದ ಆ ನಾಲ್ಕೈದು ಮಕ್ಕಳು ಯಾರು?

ಹೊಳೆಬದಿ

ಒಬ್ಬಳ ತಾಯಿ ಮನೆಕೆಲಸಕ್ಕೆ ಹೋಗುವವರು. ಇಬ್ಬರು ಅಣ್ಣ-ತಮ್ಮ, ಕೊಪ್ಪಳದವರು. ಇನ್ನೊಬ್ಬನ ಮನೆ ಸಂಕದ ಆಚೆ, ರಿಕ್ಷಾ ಹೋಗುವುದಿಲ್ಲ. ರಾತ್ರಿ ಅದೇ ತಲೆಯಲ್ಲಿ ಸುತ್ತುತ್ತದೆ.

ಮುಂಬೈ ಪಾರ್ಸೆಲ್

ಒಬ್ಬ ಗೌರವ ಶಿಕ್ಷಕರಿಗೆ ಹತ್ತು ತಿಂಗಳಿಗೆ ಎಷ್ಟಾಗುತ್ತದೆ ಅಂತ ಯಾರಾದರೂ ನನಗೆ ಖಾಸಗಿಯಾಗಿ ತಿಳಿಸಿ. ಕಲ್ಲು ಬೇಡ.

ರಿಟೈರ್ಡ್ ಮಾಸ್ಟ್ರು

ನಾನು ಬರೆಯುತ್ತೇನೆ. ಸರಕಾರಿ ಟೀಚರ್ ಬರುವವರೆಗೆ ಮಾತ್ರ ಅಂತ ಎಸ್‌ಡಿಎಂಸಿಯ ನಡಾವಳಿಯಲ್ಲಿ ಬರೆಸಿಕೊಳ್ಳಿ. ಇಲ್ಲದಿದ್ದರೆ ಇಲಾಖೆಯವರು ನಿಮಗೆ ಒಬ್ಬರು ಇದ್ದಾರಲ್ಲ ಅಂತ ಸುಮ್ಮನಾಗುತ್ತಾರೆ.

ಹೊಳೆಬದಿಯವರೇ, ನಿಮಗೂ ಒಂದು ಕೆಲಸ. ಟಿಸಿಯಲ್ಲಿರುವ ಹುಡುಗನ ಹೆಸರು, ಇನಿಶಿಯಲ್, ಹುಟ್ಟಿದ ತಾರೀಕು ಆಧಾರ್‌ನಲ್ಲಿ ಇರುವ ಹಾಗೆಯೇ ಉಂಟಾ ಅಂತ ಇವತ್ತೇ ನೋಡಿ. ಎಂಟರಲ್ಲಿ ವಿದ್ಯಾರ್ಥಿವೇತನದ ಅರ್ಜಿ ಹಾಕುವಾಗ ಹೆಚ್ಚಿನವರು ಸಿಕ್ಕಿಬೀಳುವುದು ಅಲ್ಲಿಯೇ. ಈಗಾದರೆ ಹೆಡ್ ಟೀಚರ್ ಹತ್ತಿರವೇ ಸರಿ ಮಾಡಿಸಬಹುದು.

ಹೊಳೆಬದಿ

ನೋಡಿದೆ ಮಾಸ್ಟ್ರೇ. ಆಧಾರ್‌ನಲ್ಲಿ ಇನಿಶಿಯಲ್ ಇಲ್ಲ. ನಾಳೆ ಪುನಃ ಹೋಗಬೇಕು.